ರಣಜಿ ಪಾರಿತೋಷಕವೂ ಕೊಪ್ಪಳ ಸೀಮೆಯೂ: ಒಂದು ಐತಿಹಾಸಿಕ ವಿವೇಚನೆ

1

ಚರಿತ್ರೆಯನ್ನು ಬರೆಯುವವರು ಶಾಸನ, ನಾಣ್ಯ, ಸನದು, ದಫ್ತರಗಳನ್ನು ಆಧಾರವಾಗಿ ಸ್ವೀಕರಿಸುವುದು ರೂಢಿ. ಆಟದ ಬಯಲಿನಲ್ಲಿ ಗೆದ್ದವರ ಕೈಸೇರುವ ಬೆಳ್ಳಿಯ ಬಟ್ಟಲನ್ನೋ ಚಿನ್ನದ ಕಲಶವನ್ನೋ ಆಧಾರವೆಂದು ಎಣಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಅಷ್ಟಾಗಿ ಬೆಳೆದಿಲ್ಲ. ಆದರೆ ನಾಣ್ಯದಂತೆ ಪಾರಿತೋಷಕವೂ ಲೋಹದ ಮೇಲೆ ಮೂಡಿದ ಚರಿತ್ರೆಯೇ ಆಗಿದೆ. ಅದನ್ನು ಕೊಟ್ಟವರೊಬ್ಬರಿರುತ್ತಾರೆ, ಅದು ಹೊತ್ತ ಹೆಸರೊಂದಿರುತ್ತದೆ, ವರ್ಷವರ್ಷಕ್ಕೂ ಅದನ್ನು ಗೆದ್ದವರ ಪಟ್ಟಿಯೊಂದಿರುತ್ತದೆ. ಈ ಮೂರನ್ನೂ ಬಿಡಿಬಿಡಿಯಾಗಿ ಓದಿದರೆ ಆ ಕಾಲದ ಅಧಿಕಾರ, ಅಭಿಮಾನ, ಸೀಮೆಗಳ ಸ್ವರೂಪವು ಸ್ಪಷ್ಟವಾಗುತ್ತದೆ.

ಅಂತರರಾಷ್ಟ್ರೀಯ ಕ್ರಿಕೆಟ್ಟಿನ ಪಾರಿತೋಷಕಗಳನ್ನೇ ನೋಡಬಹುದು. ಇಂಗ್ಲೆಂಡು ಮತ್ತು ಆಸ್ಟ್ರೇಲಿಯಗಳ ನಡುವಣ 'ಆಷಸ್' ಎಂಬುದು 1882-83ರ ಪ್ರವಾಸದಲ್ಲಿ ಇಂಗ್ಲೆಂಡಿನ ನಾಯಕ ಐವೊ ಬ್ಲೈಗೆ ವಿನೋದಕ್ಕಾಗಿ ಕೊಟ್ಟ, ಗೇಣುದ್ದಕ್ಕಿಂತಲೂ ಚಿಕ್ಕದಾದ ಒಂದು ಕರಂಡಕ. ಆಸ್ಟ್ರೇಲಿಯ ಮತ್ತು ವೆಸ್ಟ್ ಇಂಡೀಸ್ ತಂಡಗಳ ನಡುವಣ ಫ್ರಾಂಕ್ ವೊರೆಲ್ ಪಾರಿತೋಷಕವು 1960-61ರಲ್ಲಿ ಬ್ರಿಸ್ಬೇನಿನಲ್ಲಿ ಸಮವಾಗಿ ಮುಗಿದ ಟೆಸ್ಟ್ ಪಂದ್ಯದ ಸ್ಮರಣೆಯಲ್ಲಿ ಹುಟ್ಟಿ, ವೆಸ್ಟ್ ಇಂಡೀಸ್ ತಂಡವನ್ನು ಪೂರ್ಣ ಸರಣಿಗೆ ನಡೆಸಿದ ಮೊದಲ ಕರಿಯ ನಾಯಕನ ಹೆಸರನ್ನು ಪಡೆಯಿತು. 1975, 1979 ಮತ್ತು 1983ರ ವಿಶ್ವಕಪ್ ಪಂದ್ಯಾವಳಿಗಳ ಬೆಳ್ಳಿಯ ಬಟ್ಟಲಿಗೆ ಒಂದು ವಿಮಾ ಸಂಸ್ಥೆಯ ಹೆಸರಿತ್ತು. 1996ರಲ್ಲಿ ಆರಂಭವಾದ ಬಾರ್ಡರ್-ಗಾವಸ್ಕರ್ ಪಾರಿತೋಷಕಕ್ಕೆ ಎರಡು ದೇಶಗಳ ಇಬ್ಬರು ಆಟಗಾರರ ಹೆಸರಿದೆ. ವಿನೋದ, ವ್ಯಕ್ತಿಗೌರವ, ವಾಣಿಜ್ಯ, ಸಮಾನಸ್ಕಂಧತೆ ಇವು ಬೇರೆ ಬೇರೆ ಕಾಲಗಳ ಮನೋಧರ್ಮವನ್ನು ಸೂಚಿಸುತ್ತವೆ.

ಪ್ರಕೃತ ಲೇಖನದಲ್ಲಿ ನಾವು ಇಂತಹುದೇ ಆದ, ಆದರೆ ನಮ್ಮ ನಾಡಿಗೆ ಹತ್ತಿರವಾದ ಒಂದು ಪಾರಿತೋಷಕವನ್ನು ವಿವೇಚಿಸಲು ಉದ್ದೇಶಿಸಿದ್ದೇವೆ. ಅದು ಭಾರತದಿಂದ ಅಂತರರಾಷ್ಟ್ರೀಯ ಕ್ರಿಕೆಟ್ಟಿಗೆ ಹೋಗುವ ಆಟಗಾರರೆಲ್ಲರ ಹೆಬ್ಬಾಗಿಲೆನಿಸಿದ ರಣಜಿ ಪಾರಿತೋಷಕ. ಅದರ ಚರಿತ್ರೆಯನ್ನು ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ನೋಡಿ ಬರೆದವರು ಉಂಟು. ನಾವು ಅದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ನಿಂತು ನೋಡಬಯಸುತ್ತೇವೆ. ಹಾಗೆ ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ: ಆ ಗೆಲವಿನ ಪಟ್ಟಿಯಲ್ಲಿ 'ನಮ್ಮವರು' ಎಂದು ಯಾರನ್ನು ಕರೆಯಬೇಕು? ಇದು ಕೇವಲ ಆಟದ ಪ್ರಶ್ನೆಯಲ್ಲ. ಕರ್ನಾಟಕದ ಏಕೀಕರಣವು ಎಷ್ಟರಮಟ್ಟಿಗೆ ಪೂರ್ಣವಾಯಿತೆಂಬ ಪ್ರಶ್ನೆಯೂ ಹೌದು.

2

ಮೊದಲು ಕೊಟ್ಟವರ ವಿಚಾರ. 1934ರ ಬೇಸಗೆಯಲ್ಲಿ ಸಿಮ್ಲಾದಲ್ಲಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಸಭೆ ಸೇರಿದಾಗ, ಮಂಡಳಿಯ ಕಾರ್ಯದರ್ಶಿ ಆಂಟನಿ ಡಿ ಮೆಲ್ಲೊ ಪ್ರಾಂತಗಳ ಮತ್ತು ಸಂಸ್ಥಾನಗಳ ತಂಡಗಳು ಒಂದೇ ಪಾರಿತೋಷಕಕ್ಕಾಗಿ ಸೆಣಸುವ ರಾಷ್ಟ್ರೀಯ ಪಂದ್ಯಾವಳಿಯೊಂದನ್ನು ಸೂಚಿಸಿದರು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರು ಅದಕ್ಕೆ ಚಿನ್ನದ ಬಟ್ಟಲೊಂದನ್ನು ಕೊಡುವುದಾಗಿ ಮುಂದೆ ಬಂದರು. ಅದರ ಬೆಲೆ 500 ಪೌಂಡು. ಎರಡಡಿ ಎತ್ತರದ, ಗ್ರೀಕರ ಕಲಶದ ಆಕಾರದ ಆ ಪಾತ್ರೆಗೆ ಒಂದು ಮುಚ್ಚಳ. ಮುಚ್ಚಳದ ಹಿಡಿಯಾಗಿ ಕಾಲಪುರುಷನ ಪ್ರತಿಮೆ. ಲಂಡನ್ನಿನ ಲಾರ್ಡ್ಸ್ ಬಯಲಿನಲ್ಲಿ 1926ರಿಂದ ನಿಂತಿರುವ ಗಾಳಿದಿಕ್ಕು ತೋರುವ ಕಾಲಪುರುಷನೇ ಇದಕ್ಕೆ ಮಾದರಿ. ಹಣ ಪಂಜಾಬಿನದು, ಆಕಾರ ಗ್ರೀಸಿನದು, ಶಿಖರದ ಮೂರ್ತಿ ಲಂಡನ್ನಿನದು. ವಸಾಹತುಕಾಲದ ಸಂಸ್ಥಾನಿಕರ ಅಭಿರುಚಿಯ ಒಂದು ಅಚ್ಚುಕಟ್ಟಾದ ಉದಾಹರಣೆ ಇದು.

ಭೂಪಿಂದರ್ ಸಿಂಗರ ಕೊಡುಗೆಯನ್ನು ಕೇವಲ ಔದಾರ್ಯವೆಂದು ಬಗೆದರೆ ಅರ್ಧ ಸತ್ಯವಾದೀತು. ಅವರು ನರೇಂದ್ರ ಮಂಡಲದ ಕುಲಪತಿಗಳಾಗಿದ್ದವರು. ಅದೇ ಸಮಯದಲ್ಲಿ ವಿಜಯನಗರಂ ಮಹಾರಾಜಕುಮಾರರು ವೈಸರಾಯ್ ವಿಲಿಂಗ್ಡನ್ನರ ಹೆಸರಿನಲ್ಲಿ ಬೇರೊಂದು ಪಾರಿತೋಷಕವನ್ನು ಮುಂದಿಟ್ಟಿದ್ದರು. ಪಟಿಯಾಲಕ್ಕೂ ವಿಜಯನಗರಂಗೂ ನಡೆದ ಈ ಪೈಪೋಟಿ ಆಟಕ್ಕಿಂತ ಹೆಚ್ಚಾಗಿ ದರ್ಬಾರಿಗೆ ಸೇರಿದ್ದು. ಕೊನೆಗೆ ಉಳಿದದ್ದು ರಣಜಿಯ ಹೆಸರು. ರಾಜರ ಉಡುಗೊರೆಯ ಹಿಂದೆ ರೈತರ ಕಂದಾಯವಿರುತ್ತದೆಂಬುದನ್ನು ಚರಿತ್ರೆಯ ವಿದ್ಯಾರ್ಥಿ ಮರೆಯಲಾಗದು.

ಈ ಮಾತು ಕೊಪ್ಪಳ ಸೀಮೆಗೆ ದೂರದ್ದಲ್ಲ. ಆಗ ಕೊಪ್ಪಳ ಮತ್ತು ಯಲಬುರ್ಗಾ ಹೈದರಾಬಾದು ಸಂಸ್ಥಾನದ ಸಾಲಾರಜಂಗ್ ಮನೆತನದ ಜಹಗೀರಾಗಿದ್ದವು. ಆ ಮನೆತನದ ಕೊನೆಯ ಪ್ರಸಿದ್ಧ ಪುರುಷ, 1949ರಲ್ಲಿ ತೀರಿಕೊಂಡ ಮೀರ್ ಯೂಸುಫ್ ಅಲಿಖಾನ್ ಮೂರನೆಯ ಸಾಲಾರಜಂಗರು, ಜಗತ್ತಿನ ನಾನಾ ಕಡೆಗಳಿಂದ ಕೊಂಡು ಕೂಡಿಸಿದ ವಸ್ತುಗಳು 1951ರಿಂದ ಹೈದರಾಬಾದಿನ ವಸ್ತುಸಂಗ್ರಹಾಲಯದಲ್ಲಿವೆ. ಜಹಗೀರಿನ ಉತ್ಪನ್ನದಿಂದ ಬೆಳೆದ ಮನೆತನದ ಸಂಗ್ರಹವದು. ಆ ಉತ್ಪನ್ನದಲ್ಲಿ ಕೊಪ್ಪಳ, ಯಲಬುರ್ಗಾಗಳ ಎರೆಯ ಹೊಲಗಳ ಪಾಲೂ ಸೇರಿದೆ. ಹೈದರಾಬಾದಿನಲ್ಲಿ ಕ್ರಿಕೆಟ್ಟಿಗೆ ಆಶ್ರಯವಿತ್ತವರೂ ಇಂತಹ ಅಮೀರವರ್ಗದವರೇ. ಪಾಯಗಾ ಮನೆತನದ ನವಾಬ ಮೊಯಿನ್-ಉದ್-ದೌಲರ ಹೆಸರಿನ ಚಿನ್ನದ ಬಟ್ಟಲಿನ ಪಂದ್ಯಾವಳಿ ಅಲ್ಲಿ 1930-31ರಲ್ಲಿಯೇ, ಎಂದರೆ ರಣಜಿಗೂ ಮುಂಚೆಯೇ, ಆರಂಭವಾಗಿತ್ತು. ರಾಜಧಾನಿಯಲ್ಲಿ ಚಿನ್ನದ ಬಟ್ಟಲು, ಜಹಗೀರಿನಲ್ಲಿ ಕಂದಾಯದ ಲೆಕ್ಕ: ಒಂದೇ ರಾಜ್ಯದೊಳಗೆ ಇವೆರಡೂ ಇದ್ದವು.

3

ಇನ್ನು ಹೆಸರಿನ ವಿಚಾರ. ನವಾನಗರದ ಜಾಮ್ ಸಾಹೇಬ ರಣಜಿತ್‌ಸಿಂಹಜಿಯವರು 1933ರ ಏಪ್ರಿಲ್ 2ರಂದು ನಿಧನ ಹೊಂದಿದರು. ಅವರು 15 ಟೆಸ್ಟ್ ಪಂದ್ಯಗಳನ್ನಾಡಿದರು. ಆ ಹದಿನೈದನ್ನೂ ಆಡಿದ್ದು ಇಂಗ್ಲೆಂಡಿನ ಪರವಾಗಿ. 1896ರಲ್ಲಿ ಮ್ಯಾಂಚೆಸ್ಟರಿನ ಮೊದಲ ಪಂದ್ಯದಲ್ಲಿಯೇ 62 ಮತ್ತು ಔಟಾಗದೆ 154 ರನ್ನುಗಳನ್ನು ಹೊಡೆದ ಆ ಪ್ರತಿಭೆಯ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಭಾರತವು ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆ ಹೊತ್ತಿಗೆ ರಣಜಿಯವರ ಆಟದ ದಿನಗಳು ಕಳೆದು ಬಹುಕಾಲವಾಗಿತ್ತು. ಅವರ ಸೋದರನ ಮಗ ದುಲೀಪಸಿಂಹಜಿಯವರೂ ಇಂಗ್ಲೆಂಡಿನ ಪರವಾಗಿಯೇ ಆಡಿದರು. ಭಾರತದ ರಾಷ್ಟ್ರೀಯ ಪಂದ್ಯಾವಳಿ ಇಂಗ್ಲೆಂಡಿನ ಆಟಗಾರನೊಬ್ಬನ ಹೆಸರನ್ನು ಹೊತ್ತದ್ದು ಆ ಕಾಲದ ಮನಃಸ್ಥಿತಿಗೆ ಸಹಜವೇ ಆಗಿತ್ತು. ಇಂಗ್ಲೆಂಡಿನಲ್ಲಿ ಗೆದ್ದ ಭಾರತೀಯನೇ ಆಗ ಭಾರತದ ಹೆಮ್ಮೆಯ ಅಳತೆಗೋಲಾಗಿದ್ದನು.

ಹೆಸರು ಪಡೆದವರನ್ನು ಹೇಳುವಾಗ ಹೆಸರು ಪಡೆಯದವರನ್ನೂ ನೆನೆಯಬೇಕು. 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದ ನಾಯಕರು ಇದೇ ಪಟಿಯಾಲದ ಭೂಪಿಂದರ್ ಸಿಂಗರು. ಆ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ಟುಗಳನ್ನು ಕಿತ್ತು ತಂಡದ ಮಾನ ಉಳಿಸಿದವರು ಪಾಲ್ವಣಕರ ಬಾಳೂ. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಸ್ಪೃಶ್ಯವೆಂದು ಎಣಿಸಲ್ಪಟ್ಟ ಕುಲದಲ್ಲಿ. ಮೈದಾನದಲ್ಲಿ ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಅವರಿಗೆ ಬೇರೆ ಜಾಗ, ಬೇರೆ ಬಟ್ಟಲು. ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ಸಂದಿತು. ಧಾರವಾಡದಲ್ಲಿ ಹುಟ್ಟಿ ಭಾರತದ ಮೊದಲ ಮಹಾನ್ ಬೌಲರ್ ಎನಿಸಿದ ಈ ವ್ಯಕ್ತಿಯ ಹೆಸರು ರಾಷ್ಟ್ರೀಯ ಪಾರಿತೋಷಕಕ್ಕೆ ಹೊಂದುತ್ತದೆಂದು 1934ರ ಸಿಮ್ಲಾದ ಸಭೆಯಲ್ಲಿದ್ದವರಿಗೆ ತೋರುವುದು ಅಸಾಧ್ಯವಾಗಿತ್ತು. ಯಾವ ಹೆಸರು ಲೋಹದ ಮೇಲೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದೇ ಚರಿತ್ರೆಗೆ ಒಂದು ಸಾಕ್ಷ್ಯ.

4

ಮೂರನೆಯದಾಗಿ ಗೆದ್ದವರ, ಸೋತವರ ಪಟ್ಟಿ. ರಣಜಿ ಪಂದ್ಯಾವಳಿಯ ಪ್ರಪ್ರಥಮ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಮದರಾಸಿನ ಚೆಪಾಕಿನಲ್ಲಿ, ಮದರಾಸು ಮತ್ತು ಮೈಸೂರು ತಂಡಗಳ ನಡುವೆ. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಮೈಸೂರು ಎರಡು ಇನ್ನಿಂಗ್ಸುಗಳಲ್ಲಿ 48 ಮತ್ತು 59. ಮದರಾಸು ಒಂದೇ ಇನ್ನಿಂಗ್ಸಿನಲ್ಲಿ 130. ಮದರಾಸಿನ ಎ. ಜಿ. ರಾಮ್‌ಸಿಂಗರು 11 ವಿಕೆಟ್ಟುಗಳನ್ನು ಪಡೆದರು. ಮೈಸೂರು ಒಂದು ಇನ್ನಿಂಗ್ಸ್ ಮತ್ತು 23 ರನ್ನುಗಳಿಂದ ಸೋತಿತು.

ಈ ಪಂದ್ಯವನ್ನು 'ಕರ್ನಾಟಕದ ಮೊದಲ ಸೋಲು' ಎಂದು ಬರೆಯುವವರಿದ್ದಾರೆ. ಆದರೆ ಅಂದಿನ ಭೂಪಟವನ್ನು ಎದುರಿಗಿಟ್ಟುಕೊಂಡರೆ ಆ ಮಾತು ನಿಲ್ಲುವುದಿಲ್ಲ. ಆ ದಿನ ಬಳ್ಳಾರಿ, ಹೊಸಪೇಟೆ, ಮಂಗಳೂರುಗಳ ಕನ್ನಡಿಗರು ಮದರಾಸು ಪ್ರಾಂತದ ಪ್ರಜೆಗಳು. ಪಟ್ಟಿಯ ಪ್ರಕಾರ ಗೆದ್ದವರು ಅವರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ನಿಜಾಮರವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಜನರ ಪಾಲಿಗೆ ಚೆಪಾಕಿನಲ್ಲಿ ಸೆಣಸಿದ ಎರಡು ತಂಡಗಳೂ ಪರರಾಜ್ಯದವು. ತುಂಗಭದ್ರೆಯ ತೆಂಕಣ ದಡದಲ್ಲಿ ಹೊಸಪೇಟೆ, ಬಡಗಣ ದಡದಲ್ಲಿ ಮುನಿರಾಬಾದು. ನಡುವೆ ಒಂದು ಹೊಳೆ. ಆದರೆ ಆ ಹೊಳೆಯ ಒಂದು ದಡ ಬ್ರಿಟಿಷರದು, ಇನ್ನೊಂದು ನಿಜಾಮರದು. ಎರಡೂ ದಡಗಳಲ್ಲಿ ಆಡುತ್ತಿದ್ದ ಮಾತು ಒಂದೇ.

ಇಲ್ಲಿ ಇನ್ನೊಂದು ಸಂಗತಿ ಗಮನಾರ್ಹವಾಗಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡೆಂದು ಗುರುತಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಅಶೋಕನ ಲಘುಶಿಲಾಶಾಸನಗಳನ್ನು ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಉಳಿಸಿಕೊಂಡಿರುವ, ವಿಜಯನಗರದ ಮೂಲವಾದ ಆನೆಗೊಂದಿಯನ್ನು ಗಂಗಾವತಿ ತಾಲ್ಲೂಕಿನಲ್ಲಿ ಪಡೆದಿರುವ ಈ ಸೀಮೆಯಲ್ಲಿ, 1934ರಲ್ಲಿ ಸರ್ಕಾರದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಭಾಷೆಯೂ ಉರ್ದುವೇ. ಕನ್ನಡದ ತಿರುಳೆಂದು ಕವಿ ಹೇಳಿದ ನೆಲವು ಆಟದ ಪಟ್ಟಿಯಲ್ಲಿಯೂ ಆಡಳಿತದ ಪಟ್ಟಿಯಲ್ಲಿಯೂ ಬೇರೊಂದು ಹೆಸರಿನ ಕೆಳಗೆ ಇತ್ತು.

ಆ ಹೆಸರು ರಣಜಿ ಪಾರಿತೋಷಕವನ್ನು ಮೈಸೂರಿಗಿಂತ ಮೂವತ್ತಾರು ವರ್ಷ ಮುಂಚೆಯೇ ಗೆದ್ದಿತು. 1937-38ರ ಅಂತಿಮ ಪಂದ್ಯದಲ್ಲಿ ಹೈದರಾಬಾದು ಹಿಂದಿನ ವರ್ಷ ಗೆದ್ದಿದ್ದ ನವಾನಗರವನ್ನು, ಎಂದರೆ ರಣಜಿಯವರ ಸ್ವಂತ ಸಂಸ್ಥಾನವನ್ನೇ, ಕೇವಲ ಒಂದು ವಿಕೆಟ್ಟಿನಿಂದ ಸೋಲಿಸಿತು. ಇ. ಬಿ. ಐಬರಾ ಅವರು ಔಟಾಗದೆ 137 ರನ್ನು ಹೊಡೆದು ತಂಡವನ್ನು ದಡ ಸೇರಿಸಿದರು. ಆಡಳಿತದ ನಿಯಮದಂತೆ ನೋಡಿದರೆ ಇದು ಕೊಪ್ಪಳ ಸೀಮೆಯವರ ಮೊದಲ ರಣಜಿ ಗೆಲವು. ಆದರೆ ಈ ಗೆಲವನ್ನು ಕೊಪ್ಪಳದವರು 'ನಮ್ಮದು' ಎಂದುಕೊಳ್ಳಲು ಏನು ಆಧಾರವಿತ್ತು? ತಂಡದ ಹೆಸರು ರಾಜ್ಯದ್ದು, ಆಟವು ರಾಜಧಾನಿಯದು. ಮೈಸೂರಿನ ವಿಷಯದಲ್ಲಿಯೂ ಈ ಮಾತು ಬಹುಮಟ್ಟಿಗೆ ನಿಜ. ಚೆಪಾಕಿನಲ್ಲಿ ಮೈಸೂರಿನ ಪರವಾಗಿ ಮೊದಲ ಚೆಂಡನ್ನು ಎದುರಿಸಿದವರು ಎನ್. ಕರ್ಟಿಸ್, ನಾಯಕರು ಸಫಿ ದಾರಾಷಾ. ದಂಡುಪ್ರದೇಶದ ಮತ್ತು ನಗರದ ಕ್ಲಬ್ಬುಗಳಿಂದ ಆರಿಸಿದ ಆ ತಂಡಗಳು ಸೀಮೆಯ ಹೆಸರನ್ನು ಹೊತ್ತಿದ್ದರೂ ಸೀಮೆಯ ಜನತೆಯ ಪ್ರತಿನಿಧಿಗಳಾಗಿರಲಿಲ್ಲ.

ಮೈಸೂರು 1941-42ರಲ್ಲಿ ಅಂತಿಮ ಪಂದ್ಯವನ್ನು ತಲುಪಿ ಮುಂಬಯಿಗೆ ಸೋತಿತು. 1945-46ರಲ್ಲಿ ಇಂದೂರಿನ ಹೋಳ್ಕರ್ ತಂಡವು ಮೈಸೂರಿನ ಎದುರು 8 ವಿಕೆಟ್ಟಿಗೆ 912 ರನ್ನುಗಳನ್ನು ಹೊಡೆದು ಡಿಕ್ಲೇರ್ ಮಾಡಿಕೊಂಡಿತು. ಆ ಒಂದು ಇನ್ನಿಂಗ್ಸಿನಲ್ಲಿ ಆರು ಮಂದಿ ಶತಕ ಬಾರಿಸಿದರು. ನವಾನಗರ, ಹೈದರಾಬಾದು, ಬರೋಡಾ, ಹೋಳ್ಕರ್: ಗೆದ್ದವರ ಪಟ್ಟಿಯ ಮೊದಲ ಹದಿನೈದು ವರ್ಷಗಳಲ್ಲಿ ಸಂಸ್ಥಾನಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಒಳ್ಳೆಯ ಆಟಗಾರನಿಗೆ ಸಂಸ್ಥಾನದಲ್ಲಿ ಉದ್ಯೋಗ ದೊರೆಯುತ್ತಿತ್ತು. ಉದ್ಯೋಗವಿದ್ದ ಕಡೆಗೆ ಆಟಗಾರನು ಹೋಗುತ್ತಿದ್ದನು. ಸಂಸ್ಥಾನಗಳು ಅಳಿದ ಮೇಲೆ ಈ ಕಾರಣವೂ ಅಳಿಯಿತು. ಬ್ಯಾಂಕು, ರೈಲ್ವೆ, ಕಾರ್ಖಾನೆಗಳು ಆ ಸ್ಥಾನಕ್ಕೆ ಬಂದವು. 1958-59ರಿಂದ 1972-73ರವರೆಗೆ ಸತತವಾಗಿ ಹದಿನೈದು ಬಾರಿ ಪಾರಿತೋಷಕವು ಮುಂಬಯಿಯಲ್ಲಿಯೇ ಉಳಿದದ್ದಕ್ಕೆ ಆ ನಗರದ ಆಟಗಾರರ ಶಿಸ್ತಿನೊಡನೆ ಅಲ್ಲಿನ ಉದ್ಯಮಗಳ ಆಶ್ರಯವೂ ಕಾರಣ.

5

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಕೊಪ್ಪಳ ಸೀಮೆಗೆ ಸ್ವಾತಂತ್ರ್ಯ ಬರಲಿಲ್ಲ. ಅಳವಂಡಿ ಶಿವಮೂರ್ತಿಸ್ವಾಮಿಗಳೇ ಮೊದಲಾದವರು ಗಡಿಯಾಚೆ, ಮುಂಬಯಿ ಪ್ರಾಂತದ ಮುಂಡರಗಿಯಲ್ಲಿ ಶಿಬಿರ ಹೂಡಿ ಹೋರಾಡಿದರು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1949ರಲ್ಲಿ ಜಹಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೊಡನೆ ಈ ನಾಲ್ಕು ತಾಲ್ಲೂಕುಗಳೂ ವಿಶಾಲ ಮೈಸೂರು ರಾಜ್ಯವನ್ನು ಸೇರಿದವು.

ರಾಜ್ಯ ಪುನರ್ವಿಂಗಡಣೆಯ ಪರಿಣಾಮವು ಆಟದ ಭೂಪಟದಲ್ಲಿ ವಿಚಿತ್ರ ರೀತಿಯಲ್ಲಿ ಕಾಣಿಸಿಕೊಂಡಿತು. ಹೈದರಾಬಾದು ರಾಜ್ಯವು ಅಳಿಯಿತು. ಹೈದರಾಬಾದು ತಂಡವು ಉಳಿಯಿತು. ಆಂಧ್ರದ ತಂಡವು ಬೇರೆಯಾಗಿಯೇ ಇದ್ದುದರಿಂದ ಒಂದೇ ರಾಜ್ಯಕ್ಕೆ ಎರಡು ತಂಡಗಳಾದವು. ರಾಜಕೀಯದಲ್ಲಿ ಸತ್ತ ಹೆಸರುಗಳು ಬಯಲಿನಲ್ಲಿ ಬದುಕಿ ಉಳಿದದ್ದಕ್ಕೆ ಹೈದರಾಬಾದು ಮತ್ತು ಬರೋಡಾ ಒಳ್ಳೆಯ ನಿದರ್ಶನಗಳು. ದಕ್ಷಿಣ ವಲಯದಲ್ಲಿ ಮೈಸೂರು ಮತ್ತು ಹೈದರಾಬಾದು ತಂಡಗಳು ಎದುರಾದಾಗ, 1956ಕ್ಕೆ ಮುಂಚೆ ಪಟ್ಟಿಯ ಪ್ರಕಾರ ಹೈದರಾಬಾದಿನವನಾಗಿದ್ದ ಕುಷ್ಟಗಿಯ ಹುಡುಗನು ಈಗ ಮೈಸೂರಿನವನಾಗಿದ್ದನು. ಅವನು ಆಡುವ ಭಾಷೆ ಬದಲಾಗಲಿಲ್ಲ, ಊರು ಬದಲಾಗಲಿಲ್ಲ. ಅವನ ತಂಡ ಬದಲಾಯಿತು.

ಆದರೆ 'ಮೈಸೂರು' ಎಂಬ ಹೆಸರೂ ಈ ಸೀಮೆಯವರಿಗೆ ಪೂರ್ತಿಯಾಗಿ ಒಗ್ಗಿದ ಹೆಸರಲ್ಲ. ಅದು ಒಂದು ಸಂಸ್ಥಾನದ ಹೆಸರು. ತಾವು ಆ ಸಂಸ್ಥಾನದವರಲ್ಲವೆಂಬ ಭಾವನೆ ಉತ್ತರದ ಜಿಲ್ಲೆಗಳಲ್ಲೆಲ್ಲ ಇತ್ತು. 1933ರಲ್ಲಿ ಸ್ಥಾಪಿತವಾದ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯ ತಂಡವು 1959-60ರಲ್ಲಿ ಮತ್ತೊಮ್ಮೆ ಅಂತಿಮ ಪಂದ್ಯವನ್ನು ಮುಟ್ಟಿ ಮುಂಬಯಿಗೆ ಸೋತಿತು. ಮೈಸೂರು ಎಂಬ ಹೆಸರಿನಲ್ಲಿ ಪಾರಿತೋಷಕ ಎಂದೂ ಬರಲಿಲ್ಲ.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಕ್ರಿಕೆಟ್ ಸಂಸ್ಥೆಯೂ ತಂಡವೂ ಆ ಹೆಸರನ್ನು ತಾಳಿದವು. ಆ ಹೆಸರಿನ ಮೊದಲ ಸಾಲಿನಲ್ಲಿಯೇ, 1973-74ರಲ್ಲಿ, ಬೆಂಗಳೂರಿನಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ ಕರ್ನಾಟಕವು ಮುಂಬಯಿಯನ್ನು ಎದುರಿಸಿತು. ಭದ್ರಾವತಿಯ ಜಿ. ಆರ್. ವಿಶ್ವನಾಥರು 162, ಬ್ರಿಜೇಶ್ ಪಟೇಲರು 106 ರನ್ನು ಹೊಡೆದರು. ಎರಾಪಳ್ಳಿ ಪ್ರಸನ್ನರು ಗಾವಸ್ಕರರನ್ನು ಬೌಲ್ಡ್ ಮಾಡಿದರು. ಮುಂಬಯಿಯ ನಾಯಕ ವಾಡೇಕರರು ರನೌಟಾದರು. ಪಂದ್ಯ ಪೂರ್ಣವಾಗದಿದ್ದಾಗ ಮೊದಲ ಇನ್ನಿಂಗ್ಸಿನಲ್ಲಿ ಮುಂದಿರುವ ತಂಡವೇ ಮುಂದಕ್ಕೆ ಹೋಗುವುದು ರಣಜಿಯ ನಿಯಮ. ಆ ನಿಯಮದಂತೆ ಕರ್ನಾಟಕವು ಅಂತಿಮ ಪಂದ್ಯವನ್ನು ಸೇರಿತು. ಹದಿನೈದು ವರ್ಷಗಳ ಮುಂಬಯಿಯ ಆಳ್ವಿಕೆ ಮುಗಿಯಿತು. 1974ರ ಮಾರ್ಚಿನಲ್ಲಿ ಜಯಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ, ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕವು ಪಾರಿತೋಷಕವನ್ನು ತಂದಿತು.

ಹೆಸರು ಬದಲಾದುದರಿಂದ ಗೆದ್ದರೆಂದು ನಾವು ಹೇಳುತ್ತಿಲ್ಲ. ಪ್ರಸನ್ನ, ಚಂದ್ರಶೇಖರ, ವಿಶ್ವನಾಥ, ಕಿರ್ಮಾನಿ, ಪಟೇಲ್ ಇವರೆಲ್ಲ ಮೈಸೂರಿನ ಹೆಸರಿನಲ್ಲಿಯೇ ಬೆಳೆದವರು. 1972-73ರಲ್ಲಿ ಇಂಗ್ಲೆಂಡಿನ ತಂಡ ಭಾರತಕ್ಕೆ ಬಂದಾಗ ಚಂದ್ರಶೇಖರರು ಒಂದೇ ಸರಣಿಯಲ್ಲಿ 35 ವಿಕೆಟ್ಟುಗಳನ್ನು ಕಿತ್ತಿದ್ದರು. ಭಾರತದಲ್ಲಿ ನಡೆಯುತ್ತಿದ್ದ ಆ ಸರಣಿಗಳ ಪಾರಿತೋಷಕಕ್ಕೆ, ರಣಜಿ ಪಂದ್ಯಾವಳಿಯನ್ನು ಸೂಚಿಸಿದ ಅದೇ ಆಂಟನಿ ಡಿ ಮೆಲ್ಲೊ ಅವರ ಹೆಸರಿತ್ತು. ಗೆಲವಿನ ಕಾರಣ ಆಟಗಾರರ ಸಾಮರ್ಥ್ಯ. ಆದರೆ ಗೆಲವಿನ ಅರ್ಥವು ಬೇರೆ ಮಾತು. ಪಾರಿತೋಷಕದ ಪಟ್ಟಿಯಲ್ಲಿ ಮೊದಲ ಬಾರಿಗೆ ಬೀದರ, ಬಳ್ಳಾರಿ, ಧಾರವಾಡ, ಮಂಗಳೂರು, ಮೈಸೂರು, ಕೊಪ್ಪಳಗಳನ್ನು ಒಟ್ಟಿಗೆ ಒಳಗೊಳ್ಳುವ ಹೆಸರೊಂದು ಕೊರೆಯಲ್ಪಟ್ಟಿತು. 1934ರಲ್ಲಿ ನಾಲ್ಕಾರು ಹೆಸರುಗಳ ಕೆಳಗೆ ಚದುರಿಹೋಗಿದ್ದ ಜನಕ್ಕೆ ನಲವತ್ತು ವರ್ಷಗಳ ತರುವಾಯ ಒಂದು ಹೆಸರು ದೊರೆತಿತ್ತು. 1986-87ರಲ್ಲಿ ಹೈದರಾಬಾದು ಎರಡನೆಯ ಬಾರಿ ಪಾರಿತೋಷಕವನ್ನು ಗೆದ್ದಾಗ ಆ ಗೆಲವು ಕೊಪ್ಪಳ ಸೀಮೆಗೆ ನೆರೆಯವರ ಸುದ್ದಿಯಷ್ಟೇ ಆಗಿತ್ತು.

6

ಆದರೆ ಒಂದು ಹೆಸರಿನ ಕೆಳಗೆ ಬರುವುದು ಬೇರೆ, ಒಂದೇ ಬಯಲಿನಲ್ಲಿ ಆಡುವುದು ಬೇರೆ. 1973-74, 1977-78, 1982-83, 1995-96, 1997-98, 1998-99, 2013-14, 2014-15: ಈ ಎಂಟು ಸಾಲುಗಳಲ್ಲಿ ಕರ್ನಾಟಕವು ರಣಜಿಯನ್ನು ಗೆದ್ದಿತು. 1983ರಲ್ಲಿ ಭಾರತವು ಲಾರ್ಡ್ಸಿನಲ್ಲಿ ವೆಸ್ಟ್ ಇಂಡೀಸನ್ನು ಸೋಲಿಸಿ ವಿಶ್ವಕಪ್ಪಿನ ಬೆಳ್ಳಿಯ ಬಟ್ಟಲನ್ನು ಎತ್ತಿದಾಗ, 18 ವಿಕೆಟ್ಟುಗಳೊಡನೆ ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ಟು ಪಡೆದ ರೋಜರ್ ಬಿನ್ನಿ, ವಿಕೆಟ್ಟಿನ ಹಿಂದೆ ನಿಂತ ಸೈಯದ್ ಕಿರ್ಮಾನಿ ಇಬ್ಬರೂ ಕರ್ನಾಟಕ ತಂಡದವರು. ಆ ಬಟ್ಟಲಿಗೆ ಹೋಗುವ ದಾರಿ ರಣಜಿಯ ಬಟ್ಟಲಿನ ಮೂಲಕವೇ ಹಾದುಹೋಗಿತ್ತು. ರಣಜಿಗೆ ಹೋಗುವ ದಾರಿ ಎಲ್ಲಿಂದ ಹೊರಡುತ್ತದೆ ಎಂಬುದು ನಮ್ಮ ಮುಂದಿನ ಪ್ರಶ್ನೆ.

ಕೊಪ್ಪಳ ಸೀಮೆಗೆ ಹತ್ತಿರದ ಉತ್ತರ ಗದಗಿನಲ್ಲಿದೆ. ಗದಗಿನ ಸುನೀಲ ಜೋಶಿಯವರು ಹುಬ್ಬಳ್ಳಿಯವರೆಗೆ ಪ್ರಯಾಣ ಮಾಡಿ ಅಭ್ಯಾಸ ನಡೆಸಿ ಬೆಳೆದವರು. 1995-96ರ ಗೆಲವಿನ ಸಾಲಿನಲ್ಲಿ ಅವರು ಐನೂರಕ್ಕೂ ಹೆಚ್ಚು ರನ್ನು, ಐವತ್ತಕ್ಕೂ ಹೆಚ್ಚು ವಿಕೆಟ್ಟು ಗಳಿಸಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರುಗಳಲ್ಲಿ ಕೇವಲ 6 ರನ್ನಿತ್ತು 5 ವಿಕೆಟ್ಟು ಪಡೆದರು. ರಾಯಚೂರಿನಲ್ಲಿ ಹುಟ್ಟಿದ ಯೆರೆ ಗೌಡರು ರೈಲ್ವೆಯ ಪರವಾಗಿ ಹಲವು ವರ್ಷ ಆಡಿ ಹೆಸರು ಮಾಡಿದರು. ಕರ್ನಾಟಕದ ಪರವಾಗಿಯೂ ಆಡಿದರು. ಒಬ್ಬರು ಊರಿನಿಂದ ಊರಿಗೆ ಪಯಣಿಸಿ, ಇನ್ನೊಬ್ಬರು ಉದ್ಯೋಗದ ಆಶ್ರಯದಿಂದ ಮೇಲೆ ಬಂದರು. ಸಂಸ್ಥಾನಗಳ ಕಾಲದಲ್ಲಿ ಕಂಡ ತತ್ತ್ವವೇ ಇಲ್ಲಿಯೂ ಕಾಣುತ್ತದೆ: ಬಯಲು, ಗುರು, ಉದ್ಯೋಗ ಈ ಮೂರು ಇರುವ ಕಡೆಗೆ ಆಟಗಾರನು ಹೋಗಬೇಕು, ಇವು ಆಟಗಾರನಿರುವ ಕಡೆಗೆ ಬರುವುದು ಅಪರೂಪ.

ಹೋಗುವ ದಾರಿಯೇ ಇಲ್ಲಿ ಬಹುಕಾಲ ದುರ್ಗಮವಾಗಿತ್ತು. ಕೊಪ್ಪಳವು ಗದಗು–ಹೊಸಪೇಟೆ ರೈಲುಮಾರ್ಗದಲ್ಲಿ ಇದ್ದರೂ ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರಲ್ಲಿ. ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಕ್ರಿಕೆಟ್ ಸಂಸ್ಥೆಯ ವಿಭಾಗಕ್ರಮದಲ್ಲಿ ಅದು ರಾಯಚೂರು ವಲಯಕ್ಕೆ ಸೇರಿದೆ. ನಿಜಾಮರ ಕಾಲದ ಜಿಲ್ಲೆಗಳ ಗೆರೆ ಆಟದ ವಲಯದಲ್ಲಿ ಇಂದಿಗೂ ಮಸುಕಾಗಿ ಕಾಣುತ್ತದೆ. ಈ ಪ್ರದೇಶದ ಹಿಂದುಳಿದಿರುವಿಕೆಯನ್ನು ರಾಜ್ಯಾಂಗವೇ ಒಪ್ಪಿಕೊಂಡು, 2012ರ 98ನೆಯ ತಿದ್ದುಪಡಿಯ ಮೂಲಕ 371(ಜೆ) ವಿಧಿಯನ್ನು ಸೇರಿಸಿ, ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ವಿಶೇಷ ಅವಕಾಶವನ್ನು ಕಲ್ಪಿಸಿತು. 2019ರಲ್ಲಿ ಹೈದರಾಬಾದು ಕರ್ನಾಟಕವೆಂಬ ಹೆಸರು ಕಲ್ಯಾಣ ಕರ್ನಾಟಕವಾಯಿತು. ಆದರೆ ಹೆಸರು ಬದಲಾಯಿಸುವುದು ಮೊದಲ ಹೆಜ್ಜೆ ಮಾತ್ರವೆಂಬುದನ್ನು ರಣಜಿ ಪಾರಿತೋಷಕದ ಚರಿತ್ರೆಯೇ ನಮಗೆ ಕಲಿಸುತ್ತದೆ. ಆಟದ ಬಯಲಿಗೆ ಅನ್ವಯಿಸುವ 371(ಜೆ) ಇಲ್ಲ.

7

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಫಲಿಸುತ್ತವೆ. ಮೊದಲನೆಯದಾಗಿ, 1956ಕ್ಕೆ ಹಿಂದಿನ 'ಮೈಸೂರು' ತಂಡದ ಸೋಲುಗೆಲವುಗಳನ್ನು ಇಂದಿನ ಕರ್ನಾಟಕದ ಸೋಲುಗೆಲವುಗಳೆಂದು ಓದುವುದು ಕಾಲವ್ಯತ್ಯಯ. ಆಗಿನ ಕನ್ನಡಿಗರು ಮದರಾಸು, ಹೈದರಾಬಾದು, ಮೈಸೂರು ಮತ್ತು ಮುಂಬಯಿ ಪ್ರಾಂತದ ತಂಡಗಳ ಹೆಸರಿನಡಿ ಹಂಚಿಹೋಗಿದ್ದರು. ಎರಡನೆಯದಾಗಿ, 1973-74ರ ಗೆಲವಿಗೆ ಆಟದ ಚರಿತ್ರೆಯಲ್ಲಿ ಇರುವಷ್ಟೇ ಸ್ಥಾನವು ಏಕೀಕರಣದ ಚರಿತ್ರೆಯಲ್ಲಿಯೂ ಸಲ್ಲಬೇಕು. ನಾಡಿನ ಹೆಸರು ಶಾಸನಸಭೆಯ ಆಚೆಗೆ ಜನರ ಬಾಯಿಗೆ ಬಂದ ಸಂದರ್ಭಗಳಲ್ಲಿ ಅದೂ ಒಂದು. ಮೂರನೆಯದಾಗಿ, ಹೆಸರಿನಲ್ಲಿ ಆದ ಏಕೀಕರಣವು ಅವಕಾಶದಲ್ಲಿ ಇನ್ನೂ ಆಗಬೇಕಾಗಿದೆ. ಹಿಂದೆ ರಾಜಧಾನಿಯ ಆಟವು ಸೀಮೆಯ ಹೆಸರನ್ನು ಹೊತ್ತಿತ್ತು. ಈ ಸ್ಥಿತಿಯು ಎಷ್ಟು ಬದಲಾಗಿದೆ ಎಂಬುದನ್ನು ಪ್ರತಿಯೊಂದು ತಾಲ್ಲೂಕಿನ ಬಯಲಿನಲ್ಲಿ ನಿಂತು ಅಳೆಯಬೇಕು.

ಈ ಅಳತೆಯ ಕೆಲಸವನ್ನು ಮಾಡಬಲ್ಲವರು ಈ ಸೀಮೆಯ ಕಾಲೇಜುಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು. ಶಾಲೆಯ ಕಪಾಟುಗಳಲ್ಲಿ ಕಪ್ಪಿಟ್ಟು ಕುಳಿತಿರುವ ಸಣ್ಣ ಬೆಳ್ಳಿಯ ಬಟ್ಟಲುಗಳೂ, ಮರದ ಫಲಕಗಳೂ ಆಧಾರಗಳೇ. ಅವುಗಳ ಮೇಲೆ ದಾನಿಯ ಹೆಸರಿರುತ್ತದೆ, ವರ್ಷವಿರುತ್ತದೆ, ಗೆದ್ದ ತಂಡದ ಊರಿರುತ್ತದೆ. 1956ಕ್ಕೆ ಮುಂಚಿನದಾಗಿದ್ದರೆ ಲಿಪಿ ಉರ್ದುವೋ ಕನ್ನಡವೋ ಎಂಬುದೂ ಒಂದು ಮಾಹಿತಿ. ಹಳೆಯ ಆಟಗಾರರ ನೆನಪನ್ನು ಅವರಿರುವಾಗಲೇ ಬರೆದಿಟ್ಟುಕೊಳ್ಳಬೇಕು: ಯಾರು ಆಡಿದರು, ಯಾವ ಕೇರಿಯವರು ಆಡಿದರು, ಯಾರನ್ನು ಆಡಿಸಲಿಲ್ಲ, ಯಾರು ಆಟಕ್ಕಾಗಿ ಊರು ಬಿಟ್ಟರು. ಧಾರವಾಡದಲ್ಲಿ ಹುಟ್ಟಿದ ಬಾಳೂ ಅವರ ಚರಿತ್ರೆಯನ್ನು ಬಲ್ಲವರು ಈ ಪ್ರಶ್ನೆಗಳನ್ನು ಬಿಡಲಾರರು. ಶಾಸನಗಳನ್ನು ಪಡಿಯಚ್ಚು ತೆಗೆದು ಓದುವ ಶ್ರದ್ಧೆಯನ್ನೇ ಈ ಲೋಹದ ಬರಹಗಳಿಗೂ ತೋರಿದರೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಆಟದ ಚರಿತ್ರೆಯೊಡನೆ ಅವುಗಳ ಸಾಮಾಜಿಕ ಚರಿತ್ರೆಯ ಒಂದು ಅಧ್ಯಾಯವೂ ದೊರೆಯುವುದೆಂದು ನಾವು ನಂಬುತ್ತೇವೆ.